ಸಂಘದ ಸೈಟ್‌ನಲ್ಲಿ ಒಂದು ಫೋಲ್ಡರ್‌ಗೆ ಮಾತ್ರ ಪಾಸ್‌ವರ್ಡ್ ಹಾಕಬೇಕು, ಹೇಗೆ?

ಡೊಂಬಿವಲಿ ಫಾಸ್ಟ್ | ಶನಿವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಹೊಟ್ಟೆಪಾಡಿಗೆ ಅಕೌಂಟ್ಸ್ ಕೆಲಸ ಮಾಡುತ್ತೇನೆ. ಕಂಪ್ಯೂಟರ್ ಸ್ವಲ್ಪ ಗೊತ್ತು ಅಂತ ಒಮ್ಮೆ ಬಾಯಿ ತಪ್ಪಿ ಹೇಳಿದೆ. ಅವತ್ತಿನಿಂದ ನಮ್ಮ ಏರಿಯಾದ ಕನ್ನಡ ಸಂಘದ ವೆಬ್‌ಸೈಟ್ ನನ್ನ ತಲೆ ಮೇಲೆ ಕೂತಿದೆ.

ಸೈಟ್‌ನಲ್ಲಿ ‘ಕಮಿಟಿ’ ಅಂತ ಒಂದು ಫೋಲ್ಡರ್ ಇದೆ. ಸದಸ್ಯರ ಪಟ್ಟಿ, ಮೀಟಿಂಗ್ ಮಿನಿಟ್ಸ್, ರಾಜ್ಯೋತ್ಸವದ ಖರ್ಚಿನ ಲೆಕ್ಕ ಎಲ್ಲಾ ಅದರಲ್ಲಿ ಪಿಡಿಎಫ್ ಆಗಿ ಬಿದ್ದಿವೆ. ಯಾವ ಪುಟದಿಂದಲೂ ಅಲ್ಲಿಗೆ ಲಿಂಕ್ ಇಲ್ಲ. ವಿಳಾಸ ಗೊತ್ತಿದ್ದವರು ಮಾತ್ರ ತೆರೆಯುತ್ತಾರೆ ಅಂತ ನೆಮ್ಮದಿಯಾಗಿದ್ದೆ. ಹೋದ ವಾರ ಹಿರಿಯ ಸದಸ್ಯರೊಬ್ಬರ ಮಗ ಸುಮ್ನೆ ಅಪ್ಪನ ಮೊಬೈಲ್ ನಂಬರ್ ಗೂಗಲ್‌ಗೆ ಹಾಕಿ ನೋಡಿದ್ದಾನೆ. ನಮ್ಮ ಪಟ್ಟಿಯೇ ಮೊದಲು ಬಂದಿದೆ. ಹೆಸರು, ಬಿಲ್ಡಿಂಗ್, ಫ್ಲಾಟ್ ನಂಬರ್, ರಕ್ತದ ಗುಂಪು ಸಮೇತ. ಆ ಹಿರಿಯರು ನನಗೆ ಫೋನ್ ಮಾಡಿದರು. ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. "ಫ್ಲಾಟ್ ನಂಬರ್ ಕೂಡ ಇದೆಯಲ್ಲಪ್ಪಾ" ಅಂದರು, ಅಷ್ಟೇ.

ಸದ್ಯಕ್ಕೆ ಗೂಗಲ್‌ನಂಥ ಸರ್ಚ್ ಎಂಜಿನ್‌ಗಳು ಬಂದಾಗ ಓದುವ ರೋಬೋಟ್ಸ್ ಫೈಲ್‌ನಲ್ಲಿ ‘ಈ ಫೋಲ್ಡರ್ ಮುಟ್ಟಬೇಡಿ’ ಅಂತ ಒಂದು ಸಾಲು ಸೇರಿಸಿದ್ದೇನೆ. ಅಷ್ಟು ಸಾಕಾ? ಫೋಲ್ಡರ್ ತೆರೆದರೆ ಪಾಸ್‌ವರ್ಡ್ ಕೇಳುವ ಹಾಗೆ ಮಾಡಬಹುದು ಅಂತಾರಲ್ಲ, ಅದು ಹೇಗೆ? ಸರ್ವರ್ ಉಬುಂಟು, ಮೇಲೆ ಪುಟಗಳನ್ನು ಕಳಿಸುವ ಅಪಾಚಿ ಸಾಫ್ಟ್‌ವೇರ್. ಬಾಡಿಗೆ ವಿಪಿಎಸ್, ಅಂದರೆ ಸೆಟ್ಟಿಂಗ್ ಎಲ್ಲ ನಮ್ಮ ಕೈಯಲ್ಲೇ ಇರುವ ಸರ್ವರ್. ಮೊದಲು ನೋಡಿಕೊಳ್ಳುತ್ತಿದ್ದ ಹುಡುಗ ದುಬೈಗೆ ಹೋದ.


ಪಿಂಪ್ರಿ ಪಡಸಾಲೆ | ರಾತ್ರಿ 11:05

ರಾಯರೇ, ಮೊದಲು ಆ ರೋಬೋಟ್ಸ್ ಸಾಲು ತೆಗೆಯಿರಿ. ಆ ಫೈಲ್ ಯಾರು ಬೇಕಾದರೂ ಓದಬಹುದು. ‘ಬಂಗಾರ ಅಟ್ಟದ ಮೇಲಿದೆ, ದಯವಿಟ್ಟು ಹತ್ತಬೇಡಿ’ ಅಂತ ಬಾಗಿಲಿಗೆ ಚೀಟಿ ಅಂಟಿಸಿದ ಹಾಗಾಯಿತು. ಗೂಗಲ್ ಮಾತು ಕೇಳುತ್ತದೆ, ಕಳ್ಳ ಕೇಳುವುದಿಲ್ಲ.

ನಿಮಗೆ ಬೇಕಾದ್ದರ ಹೆಸರು ಬೇಸಿಕ್ ಅಥೆಂಟಿಕೇಶನ್. ಹಳೇ ಕಾಲದ್ದು, ಆದರೆ ಈ ಕೆಲಸಕ್ಕೆ ಸಾಕು. ಬ್ರೌಸರ್ ಫೈಲ್ ಕೇಳುತ್ತದೆ. ಸರ್ವರ್ ‘401’ ಅನ್ನುತ್ತದೆ, ಅಂದರೆ ನೀನು ಯಾರು ಹೇಳು ಅಂತ. ಬ್ರೌಸರ್ ಒಂದು ಚಿಕ್ಕ ಪೆಟ್ಟಿಗೆ ತೆರೆದು ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಸರಿ ಇದ್ದರೆ ಫೈಲ್ ಸಿಗುತ್ತದೆ.

ಮಾಡಬೇಕಾದ್ದು ಎರಡೇ ಕೆಲಸ. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ, ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ.

ಒಂದು, ಹೆಸರು ಮತ್ತು ಪಾಸ್‌ವರ್ಡ್ ಇರುವ ಫೈಲ್. ಇದನ್ನು ಮಾಡುವ ಕಮಾಂಡ್ ಎಚ್‌ಟಿಪಾಸ್‌ವರ್ಡ್. ಸ್ಪೆಲ್ಲಿಂಗ್‌ನಲ್ಲಿ ಪಾಸ್‌ವರ್ಡ್ ಪದದ ‘ಒ’, ‘ಆರ್’ ಎರಡೂ ಇಲ್ಲ. ನಾನು ಮೊದಲ ಸಲ ಹತ್ತು ನಿಮಿಷ ಅದಕ್ಕೇ ಒದ್ದಾಡಿದ್ದೆ. ಕಮಾಂಡ್ ಸಿಗದಿದ್ದರೆ ಅಪಾಚಿ2-ಯುಟಿಲ್ಸ್ ಪ್ಯಾಕೇಜ್ ಹಾಕಿಕೊಳ್ಳಿ. ಕಮಾಂಡ್ ಮುಂದೆ ಮೈನಸ್ ಸಿ, ಆಮೇಲೆ ಫೈಲ್ ಎಲ್ಲಿರಬೇಕೋ ಆ ಜಾಗ, ಆಮೇಲೆ ಬಳಕೆದಾರರ ಹೆಸರು. ಎಂಟರ್ ಒತ್ತಿದರೆ ಪಾಸ್‌ವರ್ಡ್ ಎರಡು ಸಲ ಕೇಳುತ್ತದೆ. ಫೈಲ್ ಮಾತ್ರ ವೆಬ್ ಫೋಲ್ಡರ್ ಒಳಗೆ ಬೇಡ. ಬೀಗದ ಕೈ ಬೀಗಕ್ಕೇ ನೇತು ಹಾಕಬಾರದು, ಅಲ್ವಾ? ಇಟಿಸಿ ಒಳಗಿನ ಅಪಾಚಿ2 ಫೋಲ್ಡರ್‌ನಲ್ಲಿ ಇಡಿ.

ಎರಡು, ಕಮಿಟಿ ಫೋಲ್ಡರ್ ಒಳಗೆ ಚುಕ್ಕಿಯಿಂದ ಶುರುವಾಗುವ ಎಚ್‌ಟಿಆಕ್ಸೆಸ್ ಅನ್ನುವ ಫೈಲ್. ಅದರಲ್ಲಿ ನಾಲ್ಕು ಸಾಲು. ‘ಆಥ್‌ಟೈಪ್ ಬೇಸಿಕ್’ ಮೊದಲನೆಯದು. ‘ಆಥ್‌ನೇಮ್’ ಬರೆದು ಮುಂದೆ ಕೋಟ್ ಒಳಗೆ ಯಾವುದಾದರೂ ಹೆಸರು, ಎರಡನೆಯದು. ‘ಆಥ್‌ಯೂಸರ್‌ಫೈಲ್’ ಬರೆದು ಮುಂದೆ ಆ ಪಾಸ್‌ವರ್ಡ್ ಫೈಲ್‌ನ ಪೂರ್ತಿ ವಿಳಾಸ, ಮೂರನೆಯದು. ಕೊನೆಗೆ ‘ರಿಕ್ವೈರ್ ವ್ಯಾಲಿಡ್-ಯೂಸರ್’. ವಿಳಾಸವನ್ನು ಸ್ಲ್ಯಾಶ್‌ನಿಂದಲೇ ಶುರು ಮಾಡಿ. ಅರ್ಧ ವಿಳಾಸ ಕೊಟ್ಟರೆ ಅಪಾಚಿ ತನ್ನ ಸ್ವಂತ ಫೋಲ್ಡರ್‌ನಿಂದ ಹುಡುಕುತ್ತದೆ, ನಿಮ್ಮ ಕಮಿಟಿ ಫೋಲ್ಡರ್‌ನಿಂದ ಅಲ್ಲ.


ಮಾಟುಂಗ ಫಿಲ್ಟರ್ | ರಾತ್ರಿ 11:20

ಇಷ್ಟೆಲ್ಲ ಯಾಕೆ ಮಾರಾಯ್ರೇ? ಗೂಗಲ್ ಡ್ರೈವ್‌ಗೆ ಹಾಕಿ ಲಿಂಕ್ ಕಳಿಸಿದರೆ ಆಯಿತು. ನಮ್ಮ ಹೋಟೆಲಿನ ಲೆಕ್ಕಪತ್ರ ಎಲ್ಲ ಹಾಗೇ ಇರುವುದು.


ಕೋಥ್ರುಡ್ ಅಕ್ಕ | ರಾತ್ರಿ 11:48

ಡ್ರೈವ್ ತಪ್ಪೇನಲ್ಲ. ಆದರೆ ‘ಲಿಂಕ್ ಇದ್ದವರೆಲ್ಲ ನೋಡಬಹುದು’ ಅಂತ ಇಟ್ಟರೆ ಮತ್ತೆ ಅದೇ ಕಥೆ. ವಿಳಾಸ ಗೊತ್ತಿಲ್ಲದಿರುವುದೇ ಬೀಗ ಅಂದುಕೊಂಡ ಹಾಗೆ. ಒಬ್ಬೊಬ್ಬರ ಇಮೇಲ್ ಹಾಕಿ ಕೊಟ್ಟರೆ ಸರಿ. ಸಂಘದ ಹಿರಿಯರಲ್ಲಿ ಎಷ್ಟು ಜನರಿಗೆ ಅವರ ಇಮೇಲ್ ಪಾಸ್‌ವರ್ಡ್ ನೆನಪಿದೆ ಅನ್ನುವುದು ಬೇರೆ ಪ್ರಶ್ನೆ.

ಇಪ್ಪತ್ತು ವರ್ಷದಿಂದ ಸರ್ವರ್ ನೋಡಿಕೊಳ್ಳುವುದೇ ನನ್ನ ಕೆಲಸ. ಪಡಸಾಲೆಯವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ.

ಮೊದಲನೆಯದು, ಸೈಟ್ ಎಚ್‌ಟಿಟಿಪಿಎಸ್ ಮೇಲೆ, ಅಂದರೆ ದಾರಿಯಲ್ಲಿ ಯಾರೂ ಓದಲಾಗದ ಸಂಪರ್ಕದ ಮೇಲೆ ಇರಲೇಬೇಕು. ಬೇಸಿಕ್ ವಿಧಾನದಲ್ಲಿ ಬ್ರೌಸರ್ ನಿಮ್ಮ ಹೆಸರು, ನಡುವೆ ಒಂದು ಕೋಲನ್, ಆಮೇಲೆ ಪಾಸ್‌ವರ್ಡ್ ಸೇರಿಸಿ ಬೇಸ್64 ರೂಪದಲ್ಲಿ ಕಳಿಸುತ್ತದೆ. ನೋಡಲು ಗುಪ್ತಲಿಪಿ ಥರ ಕಾಣುತ್ತದೆ, ಆದರೆ ಗುಪ್ತ ಏನೂ ಇಲ್ಲ. ಬಿಡಿಸಲು ಕೀಲಿಯೇ ಬೇಡ, ಯಾರು ಬೇಕಾದರೂ ಒಂದು ಕಮಾಂಡ್‌ನಲ್ಲಿ ವಾಪಸ್ ಓದಬಹುದು. ಮೇಲಾಗಿ ಒಂದು ಸಲ ಅಲ್ಲ, ಆ ಫೋಲ್ಡರ್‌ನ ಪ್ರತಿ ಫೈಲ್ ಕೇಳುವಾಗಲೂ ಅದು ಹೋಗುತ್ತಿರುತ್ತದೆ. ಎಚ್‌ಟಿಟಿಪಿಎಸ್ ಇಲ್ಲದೆ ಸ್ಟೇಷನ್ ವೈಫೈಯಲ್ಲಿ ಕೂತು ತೆರೆದರೆ ಪೋಸ್ಟ್‌ಕಾರ್ಡ್ ಮೇಲೆ ಪಾಸ್‌ವರ್ಡ್ ಬರೆದು ಹಾಕಿದ ಹಾಗೆ.

ಎರಡನೆಯದು, ಕಮಾಂಡ್‌ಗೆ ಮೈನಸ್ ಕ್ಯಾಪಿಟಲ್ ಬಿ ಕೂಡ ಸೇರಿಸಿ. ಆಗ ಪಾಸ್‌ವರ್ಡ್ ಬಿಕ್ರಿಪ್ಟ್ ಹ್ಯಾಶ್ ಆಗಿ, ಅಂದರೆ ನೇರವಾಗಿ ವಾಪಸ್ ಬಿಡಿಸಲಾಗದ ರೂಪದಲ್ಲಿ ಕೂರುತ್ತದೆ. ಸೇರಿಸದಿದ್ದರೆ ಅಪಾಚಿಯದೇ ಒಂದು ಎಂಡಿ5 ಬಗೆ ಬರುತ್ತದೆ, ಅದು ಈಗ ದುರ್ಬಲ. ಗಮನ ಇರಲಿ, ಇದು ದೊಡ್ಡ ಬಿ. ಸಣ್ಣ ಬಿ ಹಾಕಿದರೆ ಪಾಸ್‌ವರ್ಡನ್ನು ಕಮಾಂಡ್ ಸಾಲಿನಲ್ಲೇ ಬರೆಯಬೇಕು, ಅದು ಟರ್ಮಿನಲ್ ಹಿಸ್ಟರಿಯಲ್ಲಿ ಹಾಗೇ ಉಳಿಯುತ್ತದೆ.


ಡೊಂಬಿವಲಿ ಫಾಸ್ಟ್ | ಭಾನುವಾರ ಬೆಳಿಗ್ಗೆ 9:15

ಪಡಸಾಲೆ ಸರ್, ಅಕ್ಕ, ಇಬ್ಬರಿಗೂ ಧನ್ಯವಾದ. ಎಚ್‌ಟಿಟಿಪಿಎಸ್ ಇದೆ, ದುಬೈ ಹುಡುಗ ಲೆಟ್ಸ್ ಎನ್‌ಕ್ರಿಪ್ಟ್‌ನವರ ಉಚಿತ ಸರ್ಟಿಫಿಕೇಟ್ ಹಾಕಿದ್ದ. ಎರಡೂ ಫೈಲ್ ಮಾಡಿದೆ. ನಾಲ್ಕು ಸಾಲನ್ನೂ ಮೂರು ಸಲ ಓದಿ ನೋಡಿದೆ. ಆದರೆ ಪಾಸ್‌ವರ್ಡ್ ಕೇಳುತ್ತಲೇ ಇಲ್ಲ! ಪಿಡಿಎಫ್ ಮೊದಲಿನ ಹಾಗೆ ಸಲೀಸಾಗಿ ತೆರೆಯುತ್ತಿದೆ. ಎರರ್ ಕೂಡ ಇಲ್ಲ.


ಕೋಥ್ರುಡ್ ಅಕ್ಕ | ಬೆಳಿಗ್ಗೆ 9:40

ಎರರ್ ಬಂದಿದ್ದರೆ ಚೆನ್ನಾಗಿತ್ತು. ಎಲ್ಲರೂ ಒಮ್ಮೆ ಬೀಳುವ ಗುಂಡಿ ಇದು. ಉಬುಂಟುವಿನ ಅಪಾಚಿ2.ಕಾನ್ಫ್ ಅನ್ನುವ ಮುಖ್ಯ ಕಾನ್ಫಿಗ್ (ಸೆಟ್ಟಿಂಗ್) ಫೈಲ್‌ನಲ್ಲಿ ವೆಬ್ ಫೋಲ್ಡರ್‌ಗೆ ‘ಅಲೋಓವರ್‌ರೈಡ್ ನನ್’ ಅಂತ ಇರುತ್ತದೆ. ಫೋಲ್ಡರ್ ಒಳಗಿನ ಎಚ್‌ಟಿಆಕ್ಸೆಸ್ ಫೈಲ್‌ಗಳನ್ನು ಓದಲೇಬೇಡ ಅಂತ ಅದರ ಅರ್ಥ. ಓದದೇ ಇದ್ದರೆ ತಪ್ಪು ಯಾಕೆ ಹೇಳುತ್ತದೆ? ನಿಮ್ಮ ನಾಲ್ಕು ಸಾಲಿನ ಬದಲು ಭಗವದ್ಗೀತೆ ಬರೆದಿಟ್ಟಿದ್ದರೂ ಸುಮ್ಮನೇ ಇರುತ್ತಿತ್ತು.

‘ನನ್’ ಬದಲು ‘ಆಥ್‌ಕಾನ್ಫಿಗ್’ ಅಂತ ಹಾಕಿದರೆ ಓದುತ್ತದೆ. ಆದರೆ ಸರ್ವರ್ ಪೂರ್ತಿ ನಿಮ್ಮ ಕೈಯಲ್ಲೇ ಇರುವಾಗ ಎಚ್‌ಟಿಆಕ್ಸೆಸ್ ಗೋಜೇ ಬೇಡ. ಅದು ಒಂದೇ ಸರ್ವರ್ ಹಲವರು ಹಂಚಿಕೊಳ್ಳುವ ಶೇರ್ಡ್ ಹೋಸ್ಟಿಂಗ್‌ನವರಿಗೆ, ಮುಖ್ಯ ಕಾನ್ಫಿಗ್ ಮುಟ್ಟಲು ಆಗದವರಿಗೆ ಇರುವ ದಾರಿ. ಅದೇ ನಾಲ್ಕು ಸಾಲನ್ನು ಕಾನ್ಫಿಗ್ ಫೈಲ್‌ನಲ್ಲಿ ಕಮಿಟಿ ಫೋಲ್ಡರ್‌ಗೆ ಮಾತ್ರ ಅನ್ವಯಿಸುವ ಒಂದು ಡೈರೆಕ್ಟರಿ ಬ್ಲಾಕ್ ಮಾಡಿ ಅದರೊಳಗೆ ಹಾಕಿ. ಆಮೇಲೆ ಬರೆದದ್ದು ಸರಿ ಇದೆಯಾ ಅಂತ ನೋಡುವ ಕಾನ್ಫಿಗ್‌ಟೆಸ್ಟ್ ಓಡಿಸಿ. ‘ಸಿಂಟ್ಯಾಕ್ಸ್ ಓಕೆ’ ಅಂದರೆ ಮಾತ್ರ ರಿಲೋಡ್ ಮಾಡಿ. ಟೆಸ್ಟ್ ಮಾಡದೆ ರೀಸ್ಟಾರ್ಟ್ ಮಾಡಿ ಇಡೀ ಸೈಟ್ ಮಲಗಿಸಿದವರನ್ನು ನೋಡಿದ್ದೇನೆ. ಕನ್ನಡಿಯಲ್ಲಿ ದಿನಾ ನೋಡುತ್ತೇನೆ.


ಪಿಂಪ್ರಿ ಪಡಸಾಲೆ | ಬೆಳಿಗ್ಗೆ 9:52

ಹೌದು, ಅಲೋಓವರ್‌ರೈಡ್ ಹೇಳುವುದು ಮರೆತೆ. ತಪ್ಪಾಯಿತು. ನಾನು ಕಲಿತದ್ದು ಶೇರ್ಡ್ ಹೋಸ್ಟಿಂಗ್ ಮೇಲೆ, ಅಲ್ಲಿ ಅವರೇ ತೆರೆದಿಟ್ಟಿರುತ್ತಾರೆ. ಬಟನ್ ಒತ್ತಿ ಸೈಟ್ ನೋಡಿಕೊಳ್ಳುವ ಸಿಪ್ಯಾನೆಲ್ ಇದ್ದವರಿಗಂತೂ ಇನ್ನೂ ಸುಲಭ. ‘ಡೈರೆಕ್ಟರಿ ಪ್ರೈವಸಿ’ ಅನ್ನುವ ಐಕಾನ್ ಒತ್ತಿ ಫೋಲ್ಡರ್ ಆರಿಸಿದರೆ ಈ ಫೈಲ್‌ಗಳನ್ನು ಅದೇ ಬರೆದುಕೊಳ್ಳುತ್ತದೆ.


ಡೊಂಬಿವಲಿ ಫಾಸ್ಟ್ | ಬೆಳಿಗ್ಗೆ 11:30

ಅಕ್ಕ, ಬ್ಲಾಕ್ ಹಾಕಿದೆ. ಸಿಂಟ್ಯಾಕ್ಸ್ ಓಕೆ ಬಂತು. ರಿಲೋಡ್ ಮಾಡಿದೆ. ಈಗಲೂ ಕೇಳುತ್ತಿಲ್ಲ. ಮನೆಯಲ್ಲಿ ಇಡ್ಲಿ ಆರಿ ಹೋಗಿದೆ, ಹೆಂಡತಿ ಎರಡು ಸಲ ಕರೆದಾಯಿತು.


ಕೋಥ್ರುಡ್ ಅಕ್ಕ | ಬೆಳಿಗ್ಗೆ 11:38

ಮೊದಲು ಇಡ್ಲಿ ತಿನ್ನಿ.

ಆಮೇಲೆ ಹೇಳಿ, ಬ್ಲಾಕ್ ಹಾಕಿದ್ದು ಯಾವ ಫೈಲ್‌ನಲ್ಲಿ? ಸೈಟ್ಸ್-ಅವೇಲಬಲ್ ಫೋಲ್ಡರ್‌ನಲ್ಲಿ ನಿಮ್ಮ ಸೈಟ್ ಹೆಸರಿನ ಎಷ್ಟು ಫೈಲ್ ಇವೆ?


ಡೊಂಬಿವಲಿ ಫಾಸ್ಟ್ | ಮಧ್ಯಾಹ್ನ 12:10

ಎರಡು. ಒಂದು ಸೈಟ್ ಹೆಸರು. ಇನ್ನೊಂದು ಅದೇ ಹೆಸರು, ಮುಂದೆ ಎಲ್‌ಇ-ಎಸ್‌ಎಸ್‌ಎಲ್ ಅಂತ ಬಾಲ. ನಾನು ಮೊದಲನೆಯದಕ್ಕೆ ಹಾಕಿದ್ದು.


ಕೋಥ್ರುಡ್ ಅಕ್ಕ | ಮಧ್ಯಾಹ್ನ 12:16

ಸಿಕ್ಕಿತು. ಬಾಲ ಇರುವುದು ಸರ್ಟ್‌ಬಾಟ್, ಅಂದರೆ ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ ತರುವ ಪ್ರೋಗ್ರಾಂ, ಮಾಡಿಟ್ಟ ಫೈಲ್. ಎಚ್‌ಟಿಟಿಪಿಎಸ್‌ನಲ್ಲಿ, ಅಂದರೆ 443ನೇ ಪೋರ್ಟ್‌ನಲ್ಲಿ ಬಂದವರಿಗೆ ಅದು. ನೀವು ಬೀಗ ಹಾಕಿದ್ದು ಸಾದಾ ಎಚ್‌ಟಿಟಿಪಿಯ 80ನೇ ಪೋರ್ಟ್‌ನ ಬಾಗಿಲಿಗೆ. ಅಲ್ಲಿ ಬಂದವರನ್ನೆಲ್ಲ ಸರ್ವರ್ ಎಚ್‌ಟಿಟಿಪಿಎಸ್ ಕಡೆಗೆ ಕಳಿಸಿಬಿಡುತ್ತದೆ. ಹಾಗಾಗಿ ನಿಮ್ಮ ಬೀಗವನ್ನು ಯಾರೂ ನೋಡುವುದೇ ಇಲ್ಲ.

ಎರಡೂ ಕಡೆ ಬರೆಯುವ ಬದಲು ಆ ಬ್ಲಾಕನ್ನು ಕಾನ್ಫ್-ಅವೇಲಬಲ್ ಫೋಲ್ಡರ್‌ನಲ್ಲಿ ಬೇರೆ ಫೈಲ್ ಮಾಡಿ ಹಾಕಿ. ಎ2ಎನ್‌ಕಾನ್ಫ್ ಕಮಾಂಡ್‌ನಿಂದ ಅದನ್ನು ಜಾರಿಗೆ ತನ್ನಿ. ಆಗ ಎರಡೂ ಬಾಗಿಲಿಗೆ ಅನ್ವಯಿಸುತ್ತದೆ.

ಇನ್ನೊಂದು ಮಾತು. ಪರೀಕ್ಷೆ ಮಾಡಲು ನಿಮ್ಮ ದಿನಬಳಕೆಯ ಬ್ರೌಸರ್ ನಂಬಬೇಡಿ. ಒಮ್ಮೆ ಸರಿಯಾದ ಪಾಸ್‌ವರ್ಡ್ ಕೊಟ್ಟರೆ ಅದು ನೆನಪಿಟ್ಟುಕೊಂಡು ತಾನೇ ಕಳಿಸುತ್ತಿರುತ್ತದೆ. ಟರ್ಮಿನಲ್‌ನಲ್ಲಿ ಬ್ರೌಸರ್ ಇಲ್ಲದೆ ಸರ್ವರನ್ನು ಕೇಳುವ ಕಮಾಂಡ್ ಕರ್ಲ್ ಮೈನಸ್ ಐ ಕೊಟ್ಟು, ಯಾವುದಾದರೂ ಪಿಡಿಎಫ್‌ನ ಪೂರ್ತಿ ವಿಳಾಸ ಹಾಕಿ. 401 ಬಂದರೆ ಬೀಗ ಬಿದ್ದಿದೆ. 200 ಬಂದರೆ ಇಲ್ಲ. ಇಲ್ಲಿ ಕ್ಯಾಪಿಟಲ್ ಐ.


ಡೊಂಬಿವಲಿ ಫಾಸ್ಟ್ | ಮಧ್ಯಾಹ್ನ 1:05

401!!! ಜೀವನದಲ್ಲಿ ಮೊದಲ ಸಲ ಒಂದು ಎರರ್ ನೋಡಿ ಖುಷಿಯಾಗಿದೆ.


ವಾಸ್ಕೋ ಗಾಳಿ | ಮಧ್ಯಾಹ್ನ 2:30

ಅಭಿನಂದನೆ ಅಣ್ಣ. ನಾನು ಗೋವಾದಾಗ ಇದ್ದೀನಿ, ಮೂಲ ಬಾಗಲಕೋಟೆ ಕಡೆ. ಇಲ್ಲಿ ಟ್ರಾವೆಲ್ಸ್ ಆಫೀಸ್ ಒಂದರ ಸೈಟ್ ನೋಡಿಕೊಳ್ಳುತ್ತೇನೆ. ನಮ್ಮದು ಅಪಾಚಿ ಅಲ್ಲ, ಅದೇ ಕೆಲಸ ಮಾಡುವ ಎಂಜಿನ್‌ಎಕ್ಸ್. ಅದು ಎಚ್‌ಟಿಆಕ್ಸೆಸ್ ಫೈಲನ್ನು ಕಣ್ಣೆತ್ತಿ ಸಹ ನೋಡುವುದಿಲ್ಲ ನೋಡ್ರಿ. ಕಾನ್ಫಿಗ್‌ನ ಲೊಕೇಶನ್ ಬ್ಲಾಕ್ ಒಳಗೆ ‘ಆಥ್_ಬೇಸಿಕ್’ ಮತ್ತು ‘ಆಥ್_ಬೇಸಿಕ್_ಯೂಸರ್_ಫೈಲ್’ ಅಂತ ಎರಡು ಸಾಲು ಹಾಕಬೇಕು. ಪಾಸ್‌ವರ್ಡ್ ಫೈಲ್ ಮಾತ್ರ ಅದೇ ಎಚ್‌ಟಿಪಾಸ್‌ವರ್ಡ್ ಕಮಾಂಡ್‌ದು.

ನನಗೆ ಬಿದ್ದ ಪೆಟ್ಟು ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆದೀತು. ಆಫೀಸ್ ಫೋಲ್ಡರ್‌ಗೆ ಬೀಗ ಹಾಕಿದೆ. ಫೋಲ್ಡರ್ ತೆರೆದರೆ ಪಾಸ್‌ವರ್ಡ್ ಕೇಳಿತು. ಒಳಗಿನ ಪಿಡಿಎಫ್ ತೆರೆದರೂ ಕೇಳಿತು. ಆರಾಮಾಗಿ ಮನೆಗೆ ಹೋದೆ. ಎರಡು ತಿಂಗಳಾದ ಮೇಲೆ ಗೊತ್ತಾಯಿತು, ಅದೇ ಫೋಲ್ಡರ್‌ನ ಪಿಎಚ್‌ಪಿ ಫೈಲ್‌ಗಳು (ಸರ್ವರ್ ಮೇಲೆ ಓಡುವ ಪ್ರೋಗ್ರಾಂಗಳು) ಪಾಸ್‌ವರ್ಡ್ ಕೇಳದೇ ಓಡುತ್ತಿದ್ದವು. ಬುಕಿಂಗ್ ರಿಪೋರ್ಟ್ ಪೂರ್ತಿ ಬಯಲು.

ಕಾರಣ ಏನೆಂದರೆ, ‘ಪಿಎಚ್‌ಪಿಯಿಂದ ಮುಗಿಯುವ ಎಲ್ಲಾ ಫೈಲ್ ಇತ್ತ ಕಳಿಸು’ ಅಂತ ರೆಜೆಕ್ಸ್ (ಹೆಸರಿನ ಮಾದರಿ ನೋಡಿ ಹಿಡಿಯುವ ಸೂತ್ರ) ಬಳಸಿದ ಇನ್ನೊಂದು ಲೊಕೇಶನ್ ಬ್ಲಾಕ್ ಕೆಳಗೆ ಇತ್ತು. ಎಂಜಿನ್‌ಎಕ್ಸ್ ಒಂದು ವಿಳಾಸಕ್ಕೆ ಒಂದೇ ಬ್ಲಾಕ್ ಆರಿಸುತ್ತದೆ. ಸಾದಾ ಫೋಲ್ಡರ್ ಹೆಸರಿನ ಬ್ಲಾಕ್‌ಗಿಂತ ರೆಜೆಕ್ಸ್ ಬ್ಲಾಕ್‌ಗೆ ಮರ್ಯಾದೆ ಜಾಸ್ತಿ. ನನ್ನ ಬೀಗ ಇದ್ದ ಬ್ಲಾಕ್‌ಗೆ ಪಿಎಚ್‌ಪಿ ಫೈಲ್ ಬರುತ್ತಲೇ ಇರಲಿಲ್ಲ. ಫೋಲ್ಡರ್ ಹೆಸರಿನ ಹಿಂದೆ ಕ್ಯಾರೆಟ್ ಮತ್ತು ಟಿಲ್ಡೆ ಚಿಹ್ನೆ ಹಾಕಿ, ಪಿಎಚ್‌ಪಿ ಬ್ಲಾಕನ್ನು ಅದರ ಹೊಟ್ಟೆಯೊಳಗೆ ಮತ್ತೊಮ್ಮೆ ಬರೆದೆ. ಆಮೇಲೆ ಸರಿ ಹೋಯಿತು. ಮಾಲೀಕರಿಗೆ ಈ ವಿಷಯ ಹೇಳುವುದಿತ್ತಲ್ಲ, ಆ ಹತ್ತು ನಿಮಿಷ ಮಾತ್ರ ಬಲು ಉದ್ದ.


ಕೋಥ್ರುಡ್ ಅಕ್ಕ | ಮಧ್ಯಾಹ್ನ 2:55

ಗಾಳಿ ತಮ್ಮಾ, ಇದನ್ನು ಬರೆದದ್ದಕ್ಕೆ ಥ್ಯಾಂಕ್ಸ್. ಈ ಪೆಟ್ಟು ತಿಂದವರು ಸಾಮಾನ್ಯವಾಗಿ ಹೇಳಿಕೊಳ್ಳುವುದಿಲ್ಲ. ಪಾಸ್‌ವರ್ಡ್ ಫೈಲ್ ವಿಷಯದಲ್ಲೂ ಒಂದು ವ್ಯತ್ಯಾಸ ಇದೆ. ಚುಕ್ಕಿ ಎಚ್‌ಟಿಯಿಂದ ಶುರುವಾಗುವ ಫೈಲ್‌ಗಳನ್ನು ಹೊರಗಿನವರಿಗೆ ಕೊಡಬೇಡ ಅಂತ ಅಪಾಚಿಯ ಡಿಫಾಲ್ಟ್ ಕಾನ್ಫಿಗ್‌ನಲ್ಲೇ ಬರೆದಿರುತ್ತದೆ. ಎಂಜಿನ್‌ಎಕ್ಸ್ ತಾನಾಗಿ ತಡೆಯುವುದಿಲ್ಲ. ಅಪಾಚಿಯಿಂದ ಸೈಟ್ ಎತ್ತಿ ಎಂಜಿನ್‌ಎಕ್ಸ್‌ಗೆ ಇಟ್ಟವರ ಪಾಸ್‌ವರ್ಡ್ ಫೈಲ್ ಎಷ್ಟೋ ಸಲ ಹಾಗೇ ಡೌನ್‌ಲೋಡ್ ಆಗುತ್ತದೆ. ವೆಬ್ ಫೋಲ್ಡರ್ ಹೊರಗೆ ಇಡಿ ಅನ್ನುವುದು ಇದಕ್ಕೇ.


ಡೊಂಬಿವಲಿ ಫಾಸ್ಟ್ | ಸೋಮವಾರ ರಾತ್ರಿ 9:50

ಮತ್ತೆ ಬಂದೆ. ಕ್ಷಮಿಸಿ.

ಇವತ್ತು 7:12ರ ಲೋಕಲ್‌ನಲ್ಲಿ ನಿಂತುಕೊಂಡೇ ಕಮಿಟಿಯ ಏಳು ಜನರಿಗೂ ಅವರವರ ಹೆಸರು, ಪಾಸ್‌ವರ್ಡ್ ಕಳಿಸಿದೆ. ಠಾಣೆ ದಾಟುವಷ್ಟರಲ್ಲಿ ಅಧ್ಯಕ್ಷರ ಫೋನ್. "ನನ್ನನ್ನೇ ಒಳಗೆ ಬಿಡುತ್ತಿಲ್ಲವಲ್ಲ" ಅಂತ. ಕಾರ್ಯದರ್ಶಿಗೂ ಇಲ್ಲ. ಮಹಿಳಾ ವಿಭಾಗದವರಿಗೂ ಇಲ್ಲ. ಖಜಾಂಚಿ ಒಬ್ಬರಿಗೆ ಮಾತ್ರ ತೆರೆಯುತ್ತಿದೆ. ಈಗ ಗ್ರೂಪ್‌ನಲ್ಲಿ ಬೇರೆಯೇ ಚರ್ಚೆ ಶುರುವಾಗಿದೆ. ಲೆಕ್ಕಪತ್ರ ಖಜಾಂಚಿಗೆ ಮಾತ್ರ ಯಾಕೆ ಕಾಣಬೇಕು ಅಂತ. ದಯವಿಟ್ಟು ಬೇಗ ಹೇಳಿ.


ಪಿಂಪ್ರಿ ಪಡಸಾಲೆ | ರಾತ್ರಿ 9:58

ಅಯ್ಯೋ ದೇವರೇ. ಖಜಾಂಚಿ ಹೆಸರು ಕೊನೆಗೆ ಸೇರಿಸಿದ್ದು ತಾನೇ? ಏಳು ಸಲವೂ ಮೈನಸ್ ಸಿ ಹಾಕಿದ್ದೀರಿ ಅಲ್ವಾ?


ಡೊಂಬಿವಲಿ ಫಾಸ್ಟ್ | ರಾತ್ರಿ 10:01

ಹೌದು ಸರ್. ನೀವೇ ಹೇಳಿದ್ದಿರಲ್ಲ.


ಪಿಂಪ್ರಿ ಪಡಸಾಲೆ | ರಾತ್ರಿ 10:09

ಮತ್ತೆ ನನ್ನ ತಲೆಗೇ ಬಂತು. ಒಪ್ಪಿದೆ. ಮೈನಸ್ ಸಿ ಅಂದರೆ ಹೊಸ ಫೈಲ್ ಮಾಡು ಅಂತ. ಮೊದಲೇ ಅದೇ ಹೆಸರಿನ ಫೈಲ್ ಇದ್ದರೆ ಅದನ್ನು ಅಳಿಸಿ ಹೊಸದು ಬರೆಯುತ್ತದೆ. ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಮೊದಲ ಹೆಸರಿಗೆ ಮಾತ್ರ ಅದು ಬೇಕು. ಉಳಿದ ಆರು ಜನರನ್ನು ಮೈನಸ್ ಸಿ ಇಲ್ಲದೆ, ಬರೀ ದೊಡ್ಡ ಬಿ ಇಟ್ಟು ಮತ್ತೆ ಸೇರಿಸಿ. ಖಜಾಂಚಿ ಇರುವ ಹಾಗೇ ಇರಲಿ.

ಆದಮೇಲೆ ಆ ಫೈಲನ್ನು ಕ್ಯಾಟ್ ಕಮಾಂಡ್‌ನಿಂದ ತೆರೆದು ನೋಡಿ. ಏಳು ಸಾಲು ಇರಬೇಕು. ಪ್ರತಿ ಸಾಲಿನಲ್ಲೂ ಹೆಸರು, ಕೋಲನ್, ಡಾಲರ್ ಚಿಹ್ನೆಯಿಂದ ಶುರುವಾಗುವ ಉದ್ದ ಹ್ಯಾಶ್.


ಮಾಟುಂಗ ಫಿಲ್ಟರ್ | ರಾತ್ರಿ 10:20

ನಗಬಾರದು, ಆದರೂ ನಗು ಬಂತು. ಏಳು ಹೆಸರು ಯಾಕೆ ಬೇಕಿತ್ತು? ‘ಕಮಿಟಿ’ ಅಂತ ಒಂದು ಹೆಸರು, ಒಂದು ಪಾಸ್‌ವರ್ಡ್, ವಾಟ್ಸಾಪ್ ಗ್ರೂಪ್‌ನಲ್ಲಿ ಹಾಕಿದರೆ ಮುಗಿಯಿತು. ಜಗಳವೂ ಇಲ್ಲ.


ಕೋಥ್ರುಡ್ ಅಕ್ಕ | ರಾತ್ರಿ 10:45

ಇದನ್ನು ನಾನು ಒಪ್ಪುವುದಿಲ್ಲ ಅಣ್ಣ. ನಿಮ್ಮ ಹೋಟೆಲಿನ ಗಲ್ಲಾಪೆಟ್ಟಿಗೆಯ ಕೀ ಎಷ್ಟು ಜನರ ಹತ್ತಿರ ಇದೆ? ಯಾರು ಯಾವಾಗ ತೆಗೆದರು ಅಂತ ನಿಮಗೆ ಗೊತ್ತಿರುತ್ತದೆ ತಾನೇ?

ಸಂಘದ ಕಮಿಟಿ ಬದಲಾಗುತ್ತದೆ. ವಾರ್ಷಿಕ ಸಭೆಯಲ್ಲಿ ಮೂರು ಜನ ಇಳಿಯುತ್ತಾರೆ, ಮೂರು ಜನ ಹೊಸಬರು. ಒಂದೇ ಪಾಸ್‌ವರ್ಡ್ ಇದ್ದರೆ ಇಳಿದವರನ್ನು ತೆಗೆಯಲು ಎಲ್ಲರದ್ದೂ ಬದಲಿಸಬೇಕು. ಅದನ್ನು ಯಾರೂ ಮಾಡುವುದಿಲ್ಲ, ನಾನು ನೋಡಿದ ಒಂದು ಕಡೆಯೂ ಮಾಡಿಲ್ಲ. ಬೇರೆ ಬೇರೆ ಹೆಸರಿದ್ದರೆ ಮೈನಸ್ ಕ್ಯಾಪಿಟಲ್ ಡಿ, ಫೈಲ್, ಹೆಸರು. ಒಂದು ಸಾಲು ಹೋಗುತ್ತದೆ, ಉಳಿದವರಿಗೆ ಏನೂ ಆಗುವುದಿಲ್ಲ. ಅಪಾಚಿಯ ಆಕ್ಸೆಸ್ ಲಾಗ್‌ನಲ್ಲಿ ಐಪಿ ವಿಳಾಸದಿಂದ ಎಣಿಸಿದರೆ ಮೂರನೇ ಜಾಗದಲ್ಲಿ ಯಾರ ಹೆಸರಿನಲ್ಲಿ ಒಳಗೆ ಬಂದರು ಅನ್ನುವುದೂ ಬೀಳುತ್ತದೆ. ಎಲ್ಲರೂ ‘ಕಮಿಟಿ’ ಆದರೆ ಆ ಕಾಲಂ ಇದ್ದೂ ಇಲ್ಲದ ಹಾಗೆ.

ಮತ್ತೆ ವಾಟ್ಸಾಪ್ ಗ್ರೂಪ್. ಪಾಸ್‌ವರ್ಡ್ ಕೆಳಗೆ ಹತ್ತು ಗುಡ್ ಮಾರ್ನಿಂಗ್ ಬಂದರೆ ಅದು ಕಾಣದೇ ಹೋಗುತ್ತದೆ, ಅಳಿಸಿ ಹೋಗುವುದಿಲ್ಲ.


ಮಾಟುಂಗ ಫಿಲ್ಟರ್ | ರಾತ್ರಿ 10:52

ಗಲ್ಲಾಪೆಟ್ಟಿಗೆ ಮಾತು ಎತ್ತಿದಿರಿ ಅಲ್ಲ ಅಕ್ಕ, ಸೋತೆ.


ಡೊಂಬಿವಲಿ ಫಾಸ್ಟ್ | ಮಂಗಳವಾರ ರಾತ್ರಿ 8:30

ಏಳರಲ್ಲಿ ಆರು ಜನ ಒಳಗೆ. ಖಜಾಂಚಿಯ ಮಾನ ಉಳಿಯಿತು.

ಈಗ ಅಧ್ಯಕ್ಷರು ಒಬ್ಬರೇ ಬಾಕಿ. ಅವರಿಗೆ ಕನ್ನಡ ಅಭಿಮಾನ ಜಾಸ್ತಿ. ಪಾಸ್‌ವರ್ಡ್ ಕನ್ನಡದಲ್ಲೇ ಇರಬೇಕು ಅಂತ ಹಟ. ಅವರು ಹೇಳಿದ ಪದವನ್ನೇ ಹಾಕಿ ಕೊಟ್ಟೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ತೆರೆಯುತ್ತದೆ. ಅವರ ಫೋನ್‌ನಲ್ಲಿ ಆಗುತ್ತಿಲ್ಲ. ನನ್ನೆದುರೇ ಟೈಪ್ ಮಾಡಿದರು, ಒಂದಕ್ಷರ ತಪ್ಪಿಲ್ಲ. ಎರರ್ ಲಾಗ್‌ನಲ್ಲಿ ‘ಪಾಸ್‌ವರ್ಡ್ ಮಿಸ್‌ಮ್ಯಾಚ್’ ಅಂತ ಬರುತ್ತಿದೆ.


ಕೋಥ್ರುಡ್ ಅಕ್ಕ | ರಾತ್ರಿ 9:20

ಆಹಾ, ಇದು ಒಳ್ಳೆಯ ಪ್ರಶ್ನೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಲಾಗ್. ‘ಮಿಸ್‌ಮ್ಯಾಚ್’ ಅಂದರೆ ಹೆಸರು ಸಿಕ್ಕಿದೆ, ಪಾಸ್‌ವರ್ಡ್ ಹೊಂದಿಲ್ಲ. ‘ನಾಟ್ ಫೌಂಡ್’ ಅಂದರೆ ಹೆಸರೇ ಇಲ್ಲ. ಪಾಸ್‌ವರ್ಡ್ ಕೊಟ್ಟ ಮೇಲೆ 500 ಎರರ್ ಬಂದರೆ ಆ ಫೈಲ್ ತೆರೆಯಲು ಅಪಾಚಿಗೆ ಆಗುತ್ತಿಲ್ಲ, ವಿಳಾಸ ತಪ್ಪು ಅಥವಾ ಓದುವ ಅನುಮತಿ ಇಲ್ಲ. ನಿಮ್ಮದು ಮೊದಲನೆಯದು. ಅಂದರೆ ಫೋನ್ ಕಳಿಸುತ್ತಿರುವುದು ನೀವು ಹಾಕಿದ ಪಾಸ್‌ವರ್ಡ್ ಅಲ್ಲ.

ಕಣ್ಣಿಗೆ ಒಂದೇ, ಬೈಟ್‌ಗಳಲ್ಲಿ ಬೇರೆ. ಹ್ಯಾಶ್ ಮಾಡುವುದು ಬೈಟ್‌ಗಳನ್ನು. ‘ಕೋ’ ಅನ್ನುವುದನ್ನೇ ತೆಗೆದುಕೊಳ್ಳಿ. ಯೂನಿಕೋಡ್‌ನಲ್ಲಿ, ಅಂದರೆ ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಪಟ್ಟಿಯಲ್ಲಿ, ಓತ್ವವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು. ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘದ ಚಿಹ್ನೆ ಅಂತ ಮೂರು ತುಣುಕಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ‘ಕೋ’. ಹ್ಯಾಶ್‌ಗೆ ಎರಡೂ ಬೇರೆ. ಇನ್ನೊಂದು, ಕಣ್ಣಿಗೆ ಕಾಣದ ಜೋಡಣೆ ತಡೆಯುವ ಚಿಹ್ನೆ. ‘ಪಾಸ್‌ವರ್ಡ್’ ಅನ್ನುವ ಪದದಲ್ಲೇ ‘ಸ್’ ಆದಮೇಲೆ ಅದು ಕೂತಿದೆ. ಇಲ್ಲದಿದ್ದರೆ ‘ವ’ ಒತ್ತಾಗಿ ಕೆಳಗೆ ಹೋಗುತ್ತದೆ. ಕೆಲವು ಕೀಬೋರ್ಡ್ ಅದನ್ನು ತಾವಾಗಿ ಹಾಕುತ್ತವೆ, ಕೆಲವದರಲ್ಲಿ ನಾವೇ ಹಾಕಬೇಕು. ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ಕಾಣುವುದು ಬರೀ ಚುಕ್ಕಿ. ತಪ್ಪು ಎಲ್ಲಿ ಅಂತ ದೇವರೇ ಹೇಳಬೇಕು.

ಉದ್ದದ ಲೆಕ್ಕವೂ ತಮಾಷೆ. ‘ಸ್ತ್ರೀ’ ನಮಗೆ ಒಂದೇ ಅಕ್ಷರ. ಕಂಪ್ಯೂಟರ್‌ಗೆ ಅದು ಆರು ತುಣುಕು, ಒಂದೊಂದಕ್ಕೆ ಮೂರು ಬೈಟ್, ಒಟ್ಟು 18. ಬಿಕ್ರಿಪ್ಟ್ ಲೆಕ್ಕಕ್ಕೆ ತೆಗೆದುಕೊಳ್ಳುವುದು ಮೊದಲ 72 ಬೈಟ್. ಹಳೇ ಕ್ರಿಪ್ಟ್ ವಿಧಾನದಲ್ಲಂತೂ ಮೊದಲ 8 ಮಾತ್ರ. ಅದರಲ್ಲಿ ‘ಸ್ತ್ರೀ’ ಅರ್ಧವೂ ಹಿಡಿಯುವುದಿಲ್ಲ.

ಅಧ್ಯಕ್ಷರಿಗೆ ಹೀಗೆ ಹೇಳಿ. ಪದ ಕನ್ನಡದ್ದೇ ಇರಲಿ, ಅಕ್ಷರ ಇಂಗ್ಲಿಷ್‌ನದ್ದು. ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕು ಪದ. ಕೊಡೆ, ಗಡಿಯಾರ, ಮಜ್ಜಿಗೆ, ಆನೆ ಅಂತ ಏನಾದರೂ. ಇಲ್ಲಿ ಬರೆದದ್ದನ್ನೇ ಹಾಕಬೇಡಿ ಮತ್ತೆ.


ವಾಸ್ಕೋ ಗಾಳಿ | ರಾತ್ರಿ 9:45

ಅಕ್ಕ, ನಾನು ಆಥ್‌ನೇಮ್ ಜಾಗದಲ್ಲಿ ಕನ್ನಡ ಹಾಕಿದ್ದೆ ಒಮ್ಮೆ. ಪೆಟ್ಟಿಗೆ ಮೇಲೆ ಅಕ್ಷರದ ಬದಲು ಚಿತ್ತಾರ ಬಂದಿತ್ತು. ಅಲ್ಲೂ ಇಂಗ್ಲಿಷೇ ಗತಿ.


ಠಾಣೆ ತಾಯಿ | ರಾತ್ರಿ 10:30

ಇಲ್ಲಿಯವರೆಗೆ ಸುಮ್ಮನೆ ಓದುತ್ತಿದ್ದೆ. ನನ್ನದೂ ಒಂದು ಅನುಭವ ಇದೆ. ಮಗಳ ಡ್ಯಾನ್ಸ್ ಕ್ಲಾಸ್‌ನ ಹೊಸ ಸೈಟ್ ತಯಾರಾಗುವವರೆಗೆ ಯಾರೂ ನೋಡಬಾರದು ಅಂತ ಇಡೀ ಸೈಟ್‌ಗೆ ಹೀಗೇ ಪಾಸ್‌ವರ್ಡ್ ಹಾಕಿದ್ದೆ. ಮೂರು ತಿಂಗಳು ಕಳೆದ ಮೇಲೆ ಬ್ರೌಸರ್ ಕೆಂಪಗೆ ‘ಈ ಸೈಟ್ ಸುರಕ್ಷಿತವಲ್ಲ’ ಅಂತ ಕೂಗಲು ಶುರು ಮಾಡಿತು. ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ 90 ದಿನದ್ದು. ನವೀಕರಿಸುವಾಗ ಅವರು ಸೈಟ್‌ನ ‘ವೆಲ್-ನೋನ್’ ಫೋಲ್ಡರ್‌ಗೆ ಬಂದು ಒಂದು ಚಿಕ್ಕ ಫೈಲ್ ಓದಿ ಹೋಗುತ್ತಾರೆ. ನನ್ನ ಬೀಗ ಅವರಿಗೂ 401 ಅಂದಿತ್ತು. ಪಾಪ, ಬಂದವರು ವಾಪಸ್ ಹೋದರು. ಆ ಒಂದು ಫೋಲ್ಡರ್‌ಗೆ ‘ರಿಕ್ವೈರ್ ಆಲ್ ಗ್ರಾಂಟೆಡ್’ ಅಂತ ಬೇರೆ ಬ್ಲಾಕ್ ಹಾಕಿದ ಮೇಲೆ ಸರಿಯಾಯಿತು.

ಡೊಂಬಿವಲಿಯವರು ಒಂದು ಫೋಲ್ಡರ್‌ಗೆ ಮಾತ್ರ ಹಾಕಿದ್ದರಿಂದ ಅವರಿಗೆ ತೊಂದರೆ ಇಲ್ಲ.

ಇನ್ನೊಂದು ವಿಷಯ. ಈ ಪದ್ಧತಿಯಲ್ಲಿ ಲಾಗ್‌ಔಟ್ ಬಟನ್ ಇರುವುದಿಲ್ಲ. ಬ್ರೌಸರ್ ಪೂರ್ತಿ ಮುಚ್ಚುವವರೆಗೆ ಅದಕ್ಕೆ ಪಾಸ್‌ವರ್ಡ್ ನೆನಪಿರುತ್ತದೆ. ಸ್ಟೇಷನ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಯುವವರು ಇದ್ದರೆ ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆರೆಯಲು ಹೇಳಿ. ಕೆಲಸ ಮುಗಿದ ಮೇಲೆ ಆ ಕಿಟಕಿ ಮುಚ್ಚಲೂ ಹೇಳಿ.


ಡೊಂಬಿವಲಿ ಫಾಸ್ಟ್ | ಬುಧವಾರ ಬೆಳಿಗ್ಗೆ 7:20

ಖಜಾಂಚಿ ಅದನ್ನೇ ಮಾಡುವುದು! ಇವತ್ತೇ ಹೇಳುತ್ತೇನೆ.

ಕೊನೆಯ ಪ್ರಶ್ನೆ. ಬೀಗ ಹಾಕಿದೆ, ಸರಿ. ಆದರೆ ಗೂಗಲ್‌ನಲ್ಲಿ ಆ ನಂಬರ್ ಹುಡುಕಿದರೆ ಇನ್ನೂ ಬರುತ್ತಿದೆ. ಒತ್ತಿದರೆ ಪಾಸ್‌ವರ್ಡ್ ಕೇಳುತ್ತದೆ, ಆದರೆ ಕೆಳಗೆ ಎರಡು ಸಾಲು ಹಾಗೇ ಕಾಣುತ್ತದೆ.


ಪಿಂಪ್ರಿ ಪಡಸಾಲೆ | ಬೆಳಿಗ್ಗೆ 8:05

ಗೂಗಲ್ ಮತ್ತೆ ಬಂದು 401 ನೋಡಿದರೆ ನಿಧಾನವಾಗಿ ತೆಗೆಯುತ್ತದೆ. ಬರಲು ಬಿಡಬೇಕು. ರೋಬೋಟ್ಸ್ ಸಾಲು ತೆಗೆದಿದ್ದೀರಾ? ಅದು ಇದ್ದರೆ ಗೂಗಲ್ ಬಾಗಿಲಿಗೇ ಬರುವುದಿಲ್ಲ, ಬೀಗ ಬಿದ್ದದ್ದು ಅದಕ್ಕೆ ತಿಳಿಯುವುದೇ ಇಲ್ಲ.

ಕಾಯಲು ಆಗದಿದ್ದರೆ ಸೈಟ್ ಮಾಲೀಕರಿಗೆ ಗೂಗಲ್ ಕೊಟ್ಟಿರುವ ಸರ್ಚ್ ಕನ್ಸೋಲ್‌ನಲ್ಲಿ ‘ರಿಮೂವಲ್ಸ್’ ಅಂತ ಇದೆ. ಸೈಟ್ ನಿಮ್ಮದು ಅಂತ ತೋರಿಸಿ, ಆ ಫೋಲ್ಡರ್ ವಿಳಾಸ ಕೊಡಿ. ಅದು ಸುಮಾರು ಆರು ತಿಂಗಳ ಮಟ್ಟಿಗೆ ಮರೆಮಾಡುತ್ತದೆ, ಶಾಶ್ವತ ಅಲ್ಲ. ಅಷ್ಟರಲ್ಲಿ 401 ತನ್ನ ಕೆಲಸ ಮಾಡಿರುತ್ತದೆ.

ಒಮ್ಮೆ ಸೈಟ್‌ನ ಉಳಿದ ಫೋಲ್ಡರ್‌ಗಳನ್ನೂ ನೋಡಿ. ದುಬೈ ಹುಡುಗ ಹೋಗುವ ಮುಂಚೆ ಎಲ್ಲಾದರೂ ಒಂದು ಬ್ಯಾಕಪ್ ಜಿಪ್ ಇಟ್ಟಿರುತ್ತಾನೆ. ಎಲ್ಲರೂ ಇಟ್ಟಿರುತ್ತಾರೆ. ಹೆಸರು ಊಹಿಸುವುದೂ ಕಷ್ಟ ಅಲ್ಲ. ಹಾಗೇ ‘ಆಪ್ಶನ್ಸ್ ಮೈನಸ್ ಇಂಡೆಕ್ಸಸ್’ ಹಾಕಿ, ಫೋಲ್ಡರ್ ತೆರೆದರೆ ಒಳಗಿನ ಫೈಲ್‌ಗಳ ಪಟ್ಟಿ ತೋರಿಸುವುದು ನಿಲ್ಲುತ್ತದೆ. ಗೂಗಲ್‌ಗೆ ನಿಮ್ಮ ಪಿಡಿಎಫ್ ಸಿಕ್ಕಿದ್ದು ಆ ಪಟ್ಟಿಯಿಂದಲೇ ಇದ್ದರೂ ಇರಬಹುದು.


ಡೊಂಬಿವಲಿ ಫಾಸ್ಟ್ | ಬುಧವಾರ ರಾತ್ರಿ 11:10

ಪಡಸಾಲೆ ಸರ್, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕೋ ಏನು ಮಾಡಬೇಕೋ ತಿಳಿಯುತ್ತಿಲ್ಲ. ‘ಓಲ್ಡ್’ ಅಂತ ಒಂದು ಫೋಲ್ಡರ್ ಸಿಕ್ಕಿತು. ಅದರೊಳಗೆ ಮೂರು ವರ್ಷ ಹಿಂದಿನ ಇಡೀ ಸೈಟ್‌ನ ಜಿಪ್. ಅದರೊಳಗೆ ಅದೇ ಸದಸ್ಯರ ಪಟ್ಟಿ, ಎಕ್ಸೆಲ್‌ನಲ್ಲಿ, ಹುಟ್ಟಿದ ದಿನಾಂಕದ ಸಮೇತ. ಸರ್ವರ್‌ನಿಂದ ತೆಗೆದು ಪೆನ್‌ಡ್ರೈವ್‌ಗೆ ಹಾಕಿದೆ. ಲಾಗ್ ಇರುವಷ್ಟು ದಿನ ಹಿಂದಕ್ಕೆ ಹೋಗಿ ನೋಡಿದೆ, ಯಾರೂ ಡೌನ್‌ಲೋಡ್ ಮಾಡಿಲ್ಲ. ಅದಕ್ಕೂ ಹಿಂದಿನ ಲಾಗ್ ಈಗ ಇಲ್ಲ.

ರೋಬೋಟ್ಸ್ ಸಾಲು ತೆಗೆದೆ. ರಿಮೂವಲ್ಸ್‌ಗೆ ಅರ್ಜಿ ಹಾಕಿದೆ. ಆ ಹಿರಿಯರಿಗೆ ಫೋನ್ ಮಾಡಿ, ಪಟ್ಟಿಗೆ ಬೀಗ ಬಿದ್ದಿದೆ, ಇನ್ನೊಂದು ಪ್ರತಿ ಕೂಡ ಬಯಲಲ್ಲಿ ಇತ್ತು, ಅದನ್ನೂ ತೆಗೆದೆ ಅಂತ ಎರಡನ್ನೂ ಹೇಳಿದೆ. ಎರಡನೆಯದು ಹೇಳದಿದ್ದರೂ ನಡೆಯುತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಸಂಕ್ರಾಂತಿಗೆ ಮನೆಗೆ ಬಾ, ಫ್ಲಾಟ್ ನಂಬರ್ ನಿನಗೆ ಗೊತ್ತೇ ಇದೆಯಲ್ಲ" ಅಂದರು.

ಅಧ್ಯಕ್ಷರ ಪಾಸ್‌ವರ್ಡ್‌ಗೆ ನಾಲ್ಕು ಪದ ಆಯಿತು. ಈಗ ಅದನ್ನು ಡೈರಿಯ ಮೊದಲ ಪುಟದಲ್ಲಿ ಬರೆದುಕೊಂಡಿದ್ದಾರೆ, ಮೇಲೆ ‘ಸಂಘದ ಪಾಸ್‌ವರ್ಡ್’ ಅಂತ ಕೆಂಪು ಪೆನ್ನಿನಲ್ಲಿ.


ಕೋಥ್ರುಡ್ ಅಕ್ಕ | ರಾತ್ರಿ 11:15

ಡೈರಿ ಮನೆಯಲ್ಲೇ ಇರುತ್ತದಾ, ಸಭೆಗೆ ತರುತ್ತಾರಾ?


ಡೊಂಬಿವಲಿ ಫಾಸ್ಟ್ | ರಾತ್ರಿ 11:16

ಸಭೆಗೆ ತರುತ್ತಾರೆ ಅಕ್ಕ.